ಆರ್ವೋನ ಭಾಷಣ

ಮಗಳ ಮದುವೆಯ ದಿನ ಬೆಳಿಗ್ಗೆ ಆರ್ವೋ ಕಾಲಿನಿಂದ ಒದ್ದು ಓಡಿಸುವ ಜಾರುಬಂಡಿಯಲ್ಲಿ ಹೆಪ್ಪುಗಟ್ಟಿದ ಕೆರೆ ದಾಟುತ್ತ ತನ್ನ ಭಾಷಣವನ್ನು ಗಟ್ಟಿಮಾಡುತ್ತಿದ್ದ. ಭಾಷಣವೆಂದರೆ ಒಂದೇ ವಾಕ್ಯ: "ಇಲ್ಮಿ, ನೀನಿಲ್ದೆ ಮನೆ ಬಿಕೋ ಅನ್ನುತ್ತೆ." ಮಗಳಿಗೆ ಜನ್ಮದಲ್ಲಿ ಇಂಥ ಮಾತು ಆಡಿದವನಲ್ಲ. ಚಳಿಗಾಲವೆಲ್ಲ ಸೌನಾ ಎಂಬ ಹಬೆಕೋಣೆಯ ಬಿಸಿಯಲ್ಲಿ ಒಬ್ಬನೇ ಕೂತು ಅಭ್ಯಾಸ ಮಾಡಿದ್ದ.

"ಬಿಕೋ" ಎನ್ನುವಷ್ಟರಲ್ಲಿ ಬಂಡಿ ಯಾರೋ ಮೀನಿಗೆಂದು ಮಂಜುಗಡ್ಡೆಯಲ್ಲಿ ಕೊರೆದಿದ್ದ ತೂತಿಗೆ ಸಿಕ್ಕಿ ಗಕ್ಕನೆ ನಿಂತಿತು. ಆರ್ವೋ ನಿಲ್ಲಲಿಲ್ಲ. ಬಂಡಿಯ ಹಿಡಿಕೆ ನೇರ ಗಂಟಲಿಗೆ ಬಡಿಯಿತು. ದಪ್ಪ ಮಫ್ಲರಿನಿಂದಾಗಿ ಹೊರಗೆ ಗುರುತೂ ಉಳಿಯಲಿಲ್ಲ, ಒಳಗೆ ದನಿಯೂ ಉಳಿಯಲಿಲ್ಲ.

ಮನೆಗೆ ಬಂದು ಹೆಂಡತಿ ಲೆಂಪಿಗೆ ಕೊರಳು ತೋರಿಸಿದ.

"ಟೈ ಆಮೇಲೆ ಕಟ್ತೀನಿ, ಕಾಫಿ ಕುಡೀರಿ," ಅಂದಳು.

ಇಬ್ಬರೂ ಸುಮ್ಮನೆ ಕೂತರು, ಎಂದಿನಂತೆ. ನುಂಗಲಾರದೆ ಅವನು ಕಾಫಿ ಉಗುಳಿದಾಗಲೇ ಅವಳಿಗೆ ಅನುಮಾನ ಬಂದದ್ದು. ಅವಳ ತಮ್ಮ ರೈಮೋ ಕಾರು ತಂದು ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದ.

"ದನಿ ಯಾವಾಗಿಂದ ಇಲ್ಲ?" ಡಾಕ್ಟರಮ್ಮ ಕೇಳಿದಳು.

ಲೆಂಪಿ ಯೋಚಿಸಿದಳು. "ಕ್ರಿಸ್‌ಮಸ್‌ಗೆ ಮೂಲಂಗಿ ಪಲ್ಯ ಚೆನ್ನಾಗಿದೆ ಅಂದಿದ್ರು. ಆಮೇಲಿಂದು ಗೊತ್ತಿಲ್ಲ."

"ನೀವು?"

"ಹಿಮ ಬೀಳೋಕ್ ಮುಂಚೆ ಬೇಟೆಗೆ ಹೋಗಿದ್ವಿ," ಅಂದ ರೈಮೋ. "ಒಂದು ವಾರ ಹರಟಿದ್ದೇ ಹರಟಿದ್ದು. ಇವ್ನು 'ಅಲ್ಲಿ' ಅಂದ. ನಾನು ಗುಂಡು ಹೊಡೆದೆ."

"ಮೊದಲು ದನಿ ಹೇಗಿತ್ತು, ದಪ್ಪಾನಾ ಸಣ್ಣಾನಾ?"

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. ಡಾಕ್ಟರಮ್ಮ "ಹಳೇ ಕಾಯಿಲೆ" ಎಂದು ಬರೆದುಕೊಂಡಳು. ಆರ್ವೋ ಸಿಟ್ಟಿನಿಂದ ಪೆನ್ನು ಕಸಿದುಕೊಂಡ. ಬರವಣಿಗೆಯಲ್ಲೂ ಅವನು ಮಿತಭಾಷಿ. "ಜಾರುಬಂಡಿ" ಎಂದಷ್ಟೇ ಬರೆದ.

"ನುಂಗಿದ್ರಾ?" ಅಂದಳು ಡಾಕ್ಟರಮ್ಮ.

ಕಡೆಗೆ ಮೂಗಿನಲ್ಲಿ ಸಣ್ಣ ಕೊಳವೆ ಇಳಿಸಿ ನೋಡಿದಳು. "ಗಂಟಲಪೆಟ್ಟಿಗೆ ಮುರಿದಿಲ್ಲ, ಆದ್ರೆ ಒಳಗೆ ರಕ್ತ ಕಟ್ಟಿದೆ. ಒಂದು ಮಾತಾಡಿದ್ರೂ ದನಿ ಪೂರ್ತಿ ಹೋಗ್ಬಹುದು. ಒಂದು ತಿಂಗಳು ಮೌನ."

"ಅದೇನು ಕಷ್ಟ ಆಗಲ್ಲ ಬಿಡಿ," ಅಂದಳು ಲೆಂಪಿ.

ಆರ್ವೋನ ಕಣ್ಣು ತುಂಬಿತು. ಅವಳು ಅದನ್ನು ಕೊಳವೆಯ ಲೆಕ್ಕಕ್ಕೆ ಹಾಕಿದಳು.

ಮದುವೆಮನೆಯಲ್ಲಿ ಪೆಟ್ಟಿನ ವಿಷಯ ಯಾರೂ ಕೇಳಲಿಲ್ಲ, ಆದ್ದರಿಂದ ಯಾರೂ ಹೇಳಲಿಲ್ಲ. ವಾಕ್ಯವನ್ನು ಬರೆದು ಕೊಡಬಹುದಿತ್ತು. ಲೆಂಪಿ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಬಿಟ್ಟಾಳೆಂಬ ಭಯ. ಊಟದ ನಡುವೆ ಹುಡುಗಿಯ ತಂದೆಯನ್ನು ಭಾಷಣಕ್ಕೆ ಕರೆದರು. ಆರ್ವೋ ಎದ್ದು ಮಗಳನ್ನು ನೋಡಿದ. ವಾಕ್ಯ ಎದೆಯಲ್ಲೇ ಇತ್ತು. ಬಾಯಿ ತೆರೆದ, ತುಂಬ ಹೊತ್ತು ನಿಂತ, ಬಾಯಿ ಮುಚ್ಚಿ ಕೂತ.

ಸಭೆಯಲ್ಲಿ ಒಬ್ಬೊಬ್ಬರೇ ಕರವಸ್ತ್ರ ತೆಗೆದರು. ಇಲ್ಮಿ ಬಂದು ಅಪ್ಪನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. "ಅಪ್ಪಾ, ಎಲ್ಲರ ಮುಂದೆ ಇಷ್ಟೆಲ್ಲ ಹೇಳ್ಬೇಕಿತ್ತಾ?"

ಹಿಂದೆಯೇ ಬೀಗರು ಬಂದು ಕೈ ಕುಲುಕಿದರು. "ಬರೋ ವಾರ ನನ್ನ ಅರವತ್ತರ ಹುಟ್ಟುಹಬ್ಬ. ನೀವೇ ಮಾತಾಡ್ಬೇಕು," ಅಂದರು. "ಸ್ವಲ್ಪ ಚುಟುಕಾಗಿರ್ಲಿ, ಅಷ್ಟೇ."