ಬಾಳೆಗೊನೆಯ ಮೇಲೊಂದು ದಫ್ತರ್

ಆ ದಿನವೂ ಬೆಳಗು ಎಂದಿನಂತೆಯೇ ಆಗಿತ್ತು. ಅತ್ತೆ ನಸುಕಿನಲ್ಲೇ ಎದ್ದು ಅಂಗಳಕ್ಕೆ ನೀರು ಹೊಡೆದಿದ್ದರು. ನಾನು ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ನಮ್ಮವರು ಗೋಡೆಗೆ ಕನ್ನಡಿ ತೂಗುಹಾಕಿ, ಮೀಸೆಯ ಎರಡೂ ತುದಿ ಸಮ ಮಾಡುತ್ತಿದ್ದರು. ಎಡಗಡೆ ಗಿಡ್ಡವಾದರೆ ಬಲಗಡೆ ಕತ್ತರಿ, ಬಲಗಡೆ ಗಿಡ್ಡವಾದರೆ ಎಡಗಡೆ. ನಾನು ಊಟಕ್ಕೆ ಕರೆಯದಿದ್ದರೆ ಅಂದು ಮೀಸೆಯೇ ಉಳಿಯುತ್ತಿರಲಿಲ್ಲ!

ಗಾಬರಿಗೆ ಕಾರಣವಿತ್ತು. ವಕೀಲಿ ಸನದು ಸಿಕ್ಕು ವರ್ಷ ಕಳೆದರೂ ನಮ್ಮವರು ಹಿರಿಯ ವಕೀಲರೊಬ್ಬರ ಪಡಸಾಲೆಯ ಮೂಲೆಯಲ್ಲಿ ಕುಳಿತು ಬೇರೆಯವರ ಕಾಗದ ಬರೆಯುತ್ತಿದ್ದರು. ತಮ್ಮದೆಂಬ ಒಬ್ಬ ಕಕ್ಷಿದಾರನೂ ಇರಲಿಲ್ಲ. ಅಂದು ಮಧ್ಯಾಹ್ನ ಕಮಲಾಪುರದ ಮಾಲಿಪಾಟೀಲರು ತಮ್ಮ ತೋಟದ ಬದುವಿನ ತಕರಾರು ಅರ್ಜಿಗೆ ಸಹಿ ಹಾಕಲು ಬರುವವರಿದ್ದರು. ಮೊದಲ ಕಕ್ಷಿದಾರ! ಅವರು ಕೈಬಿಟ್ಟರೆ ಮತ್ತೆ ಆ ಮೂಲೆಯೇ ಗತಿ.

"ಮನ್ಯಾಗ ನಿಮಗೊಂದು ಕಚೇರಿ, ದಫ್ತರ್ ಬೇಕ್ರಿ," ಎಂದು ನಾನೇ ಹೇಳಿದ್ದೆ. "ನಮ್ಮ ಕಾನ್ವೆಂಟಿನ ಮದರ್ ಕೋಣಿ ಹ್ಯಾಂಗಿತ್ತು ಗೊತ್ತೇನು? ಮೇಜು, ಕುರ್ಚಿ, ಪರದೆ, ಮೇಜಿನ ಮ್ಯಾಲೊಂದು ಗಂಟಿ. ಒಳಗ ಹೋದವರು ಅರ್ಧ ತಪ್ಪು ತಾವ ಒಪ್ಕೋತಿದ್ರು."

"ಅಂಥಾ ಕೋಣಿ ನಮ್ಮಲ್ಲಿ ಎಲ್ಲಿ ಅದ?"

"ಹಿಂದಿನ ಕೋಣಿ ಖಾಲೀನ ಅದಲ್ರಿ!"

ಖಾಲಿ ಎಂದೆನಲ್ಲ, ಅದು ಅತ್ತೆಯ ರಾಜ್ಯ. ಕಮಲಾಪುರದ ತವರಿನಿಂದ ಬರುತ್ತಿದ್ದ ಕೆಂಬಾಳೆಯ ಗೊನೆಗಳನ್ನು ಅವರು ಅಲ್ಲಿಯ ನೆಲದ ಕುಣಿಯಲ್ಲಿ ಹಣ್ಣು ಮಾಡುತ್ತಿದ್ದರು. ಒಣ ಎಲೆ ಹಾಸಿ, ಗೊನೆ ಇಳಿಸಿ, ಮಡಕೆಯಲ್ಲಿ ಕುಳ್ಳು-ಬೆರಣಿಯ ಹೊಗೆ ಇಟ್ಟು, ಹಲಗೆ ಮುಚ್ಚಿ, ಅಂಚಿಗೆ ಸಗಣಿ ಬೆರೆಸಿದ ಮಣ್ಣು ಮೆತ್ತುವರು. ಆ ದಿನವೂ ಬೆಳಕು ಹರಿಯುವ ಮೊದಲೇ ಮೆತ್ತಿದ್ದರು. ಮಣ್ಣಿನ ಮೇಲೆ ಅವರ ಐದು ಬೆರಳಿನ ಗುರುತು ಇನ್ನೂ ಹಸಿಯಾಗಿತ್ತು. ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಇಂದಿಗೂ ಹಸಿಮಣ್ಣು ಕಂಡರೆ ನನಗೆ ಆ ಬೆರಳುಗಳೇ ನೆನಪಾಗುತ್ತವೆ.

"ದಫ್ತರ್ ಬೇಕಾದಂಗ ಮಾಡ್ಕೊ ಶಾಂತವ್ವ, ಆದ್ರ ನಾಳಿ ತನಕ ನನ್ನ ಕುಣಿ ಮುಟ್ಟಬ್ಯಾಡ," ಎಂದರು ಅತ್ತೆ.

"ಮುಟ್ಟಂಗಿಲ್ರಿ ಅತ್ತಿ."

ಕೊಟ್ಟ ಮಾತಿಗೆ ತಪ್ಪುವ ಹೆಣ್ಣು ನಾನಲ್ಲ. ಮುಟ್ಟಲಿಲ್ಲ. ಅದರ ಮೇಲೆ ಜಮಖಾನ ಹಾಸಿದೆ, ಅಷ್ಟೆ!

ಏನು ಮಾಡಲಿ? ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಬೀಳುತ್ತಿದ್ದುದು ಸರಿಯಾಗಿ ಅಲ್ಲಿಯೇ. ಕಕ್ಷಿದಾರರನ್ನು ಕತ್ತಲಲ್ಲಿ ಕೂಡಿಸಲಾದೀತೆ? ಮನೆಯ ಏಕೈಕ ಕುರ್ಚಿ ಆ ಬೆಳಕಿಗೆ ಹೋಯಿತು. ನನ್ನ ಮದುವೆಯ ಟ್ರಂಕು, ಮೇಲೆ ಕಸೂತಿ ಬಟ್ಟೆ ಹೊದ್ದು ಮೇಜಾಯಿತು. ವಕೀಲರಿಗೆ ಆಸನವಾಗಿ ಜೋಳ ಅಳೆಯುವ ಕೊಳಗವನ್ನು ಬೋರಲು ಹಾಕಿ ದಿಂಬು ಇಟ್ಟೆ. ಹಳೆಯ ಇಳಕಲ್ ಸೀರೆ ಬಾಗಿಲಿಗೆ ಪರದೆ. ಗಂಟೆ? ದೇವರ ಮನೆಯಲ್ಲಿ ಎರಡಿದ್ದವು, ಒಂದನ್ನು ತಂದೆ.

ಹೆಮ್ಮೆ ತಡೆಯಲಾರದೆ ಗೋಡೆಯಾಚೆಯ ಜೈನಾಬೀಯನ್ನೂ ಕೂಗಿದೆ. "ಇವತ್ತಿನಿಂದ ನಮ್ಮ ಮನ್ಯಾಗ ದಫ್ತರ್ ನೋಡ್ರಿ!"

"ಮಾಶಾ ಅಲ್ಲಾ! ಛಲೋ ಆತು ಬಿಡ್ರಿ," ಎಂದಳು ಅವಳು, ಮೆಣಸಿನಕಾಯಿ ಒಣಹಾಕುತ್ತ.

ಮಧ್ಯಾಹ್ನ ಮಾಲಿಪಾಟೀಲರು ಬಂದರು. ದೊಡ್ಡ ಆಳು, ಅದಕ್ಕಿಂತ ದೊಡ್ಡ ರುಮಾಲು. ಕುರ್ಚಿಯಲ್ಲಿ ಕುಳಿತಾಗ ಕೆಳಗಿನಿಂದ 'ಕರ್' ಎಂದಿತು. ಕುರ್ಚಿಯ ಸದ್ದೆಂದು ಪರದೆಯ ಹಿಂದೆ ನಿಂತು ಸಮಾಧಾನ ಮಾಡಿಕೊಂಡೆ.

ನಮ್ಮವರು ಮೂರು ದಿನ ಕುಳಿತು, ಆಗಿನ ಕೋರ್ಟಿನ ಭಾಷೆಯಾದ ಉರ್ದುವಿನಲ್ಲಿ ಮುತ್ತು ಪೋಣಿಸಿದಂತೆ ಬರೆದ ಅರ್ಜಿಯನ್ನು ಟ್ರಂಕಿನ ಮೇಲಿಟ್ಟರು. ನಂತರ ಬಹು ಗಾಂಭೀರ್ಯದಿಂದ, ನೀರು ತರಿಸಲು ಗಂಟೆ ಬಾರಿಸಿದರು.

ಪಾಟೀಲರು ದಡಕ್ಕನೆ ಎದ್ದು ಕೈಮುಗಿದರು!

"ಯಾಕ್ರಿ ಪಾಟೀಲರ?"

"ಪೂಜಿ ನಡದದಲ್ರಿ. ಧೂಪಾನೂ ಹಾಕ್ಯಾರ."

ನಿಜ. ಜಮಖಾನದ ಅಂಚಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಪಾಟೀಲರು ಕಣ್ಣುಮುಚ್ಚಿ ನಿಂತರು. ವಕೀಲರೂ ಬೇರೆ ದಾರಿ ಕಾಣದೆ ಕೊಳಗದಿಂದೆದ್ದು ಕೈಮುಗಿದರು. ಗಂಟೆಯ ಸದ್ದು ಕೇಳಿ ಅತ್ತೆ ಆರತಿ ತಟ್ಟೆ ಹಿಡಿದು ಬಂದೇಬಿಟ್ಟರು. ಮದರ್ ಕೋಣೆಯಲ್ಲಿ ಇಂಥದ್ದು ಎಂದೂ ನಡೆದಿರಲಿಲ್ಲ!

ಪಾಟೀಲರು ಮೂಗರಳಿಸಿದರು. ಒಂದು ಸಲ, ಇನ್ನೊಂದು ಸಲ.

"ಇದು ಧೂಪ ಅಲ್ರಿ. ಬಾಳಿ ಹೊಗಿ ಇದು!"

ಹೇಳಿದವರೇ ಕುರ್ಚಿ ಸರಿಸಿ, ಜಮಖಾನ ಎಳೆದರು. ಕುರ್ಚಿಯ ಕಾಲು ಊರಿ ಹಲಗೆ ಕುಸಿದಿತ್ತು. ಅತ್ತೆಯ ಬೆರಳಿನ ಗುರುತುಗಳ ನಟ್ಟನಡುವೆ ಬಿರುಕು.

"ಅಯ್ಯ, ನನ್ನ ಗೊನಿ!" ಎಂದರು ಅತ್ತೆ.

"ಹೊಗಿ ಹೊರಗ ಹೋದ್ರ ಹಣ್ಣು ಬಿರಸ ಆಗತಾವ ತಾಯಿ, ಲಗೂನ ಏನರ ಕೊಡ್ರಿ!" ಪಾಟೀಲರು ನೆಲಕ್ಕೆ ಮಂಡಿಯೂರಿ, ಕೈಗೆ ಸಿಕ್ಕಿದ್ದನ್ನು ಮುದ್ದೆ ಮಾಡಿ ಬಿರುಕಿಗೆ ತುರುಕಿದರು. ಕೈಗೆ ಸಿಕ್ಕಿದ್ದು ಅರ್ಜಿ.

ಕೋಣೆಯಲ್ಲಿ ಹೊಗೆ ನಿಂತಿತು. ನಮ್ಮವರ ಉಸಿರೂ ನಿಂತಂತಾಯಿತು.

"ಪಾಟೀಲರ... ಅದು ನಿಮ್ಮ ತಕರಾರು."

ಪಾಟೀಲರು ಬಗ್ಗಿ ನೋಡಿದರು. ನಾನು ಪರದೆ ಕಚ್ಚಿ ಹಿಡಿದೆ. ಮುಗಿಯಿತು, ಮತ್ತೆ ಆ ಮೂಲೆ!

"ಇನ್ನೊಂದು ಬರೀರಿ ವಕೀಲರ," ಎಂದರು ಅವರು, ಮೇಲೆ ಮಣ್ಣು ಸವರುತ್ತ. "ಕಾಗದ ಎರಡು ಸಲ ಬರಿಯಾಕ ಬರತದ, ಬಾಳಿ ಎರಡು ಸಲ ಮಾಗಸಾಕ ಬರಂಗಿಲ್ಲ. ಆದ್ರ ಇಲ್ಲಿ ಬ್ಯಾಡ, ಹೊರಗ ಬೇವಿನ ಕಟ್ಟಿ ಮ್ಯಾಲ ಕೂಡೋಣು. ಈ ಕುರ್ಚಿ ಮ್ಯಾಲ ನನಗ ಕಾಲು ಜೋಮು ಹಿಡದಾವ."

ಅರ್ಜಿ ಕಟ್ಟೆಯ ಮೇಲೆ ಹೊಸದಾಗಿ ಹುಟ್ಟಿತು. ಅತ್ತೆ ಕೊಟ್ಟ ಮಜ್ಜಿಗೆ ಕುಡಿದು ಪಾಟೀಲರು ಸಹಿ ಹಾಕಿದರು. "ಹಣ್ಣು ಆದಮ್ಯಾಲ ನನಗೂ ನಾಕು ಕಳಸ್ರಿ, ನನ್ನ ತಕರಾರು ತಿಂದು ಮಾಗತಾವ," ಎಂದು ನಗುತ್ತ ಬಂಡಿ ಏರಿದರು.

ಸಂಜೆ ನಾನು ಪರದೆ ಬಿಚ್ಚಿ, ಗಂಟೆಯನ್ನು ದೇವರಿಗೆ ಒಪ್ಪಿಸಿ, ಕೊಳಗವನ್ನು ಜೋಳದ ಗುಮ್ಮಿಯ ಬಳಿ ಇಟ್ಟೆ. ಗೋಡೆಯಾಚೆ ಜೈನಾಬೀ ಮೆಣಸಿನಕಾಯಿ ತುಂಬಿಕೊಳ್ಳುತ್ತಿದ್ದಳು. ನನ್ನ ಕಡೆ ತಿರುಗದೆಯೇ ಕೇಳಿದಳು:

"ಶಾಂತಾಬಾಯಿ, ನಮ್ಮದೂ ಒಂದು ಗೊನಿ ಬಂದದರಿ. ನಿಮ್ಮ ದಫ್ತರದಾಗ ಜಾಗ ಅದೇನು?"