ರೋಸಿನ ಬೋಗುಣಿಗೆ ದೂರದಿಂದಲೇ ಕೈಹಾಕಿದ ಕೌನ್ಸಿಲರಮ್ಮನವರಿಗೆ

ಐರ್ಲೆಂಡಿನ ಪುರಸಭೆಯಲ್ಲಿ ಸದಸ್ಯೆಯಾಗಿ ವಿರಾಜಮಾನರಾಗಿರುವ ವೆಲಿಟಾಬಾಯಿಯವರ ಸನ್ನಿಧಿಗೆ, ದುಬೈಯ ಕರಾಮದಿಂದ ಕರಾವಳಿ ಕ್ರೈಸ್ತ ಸಂಘದ ಅಧ್ಯಕ್ಷ ಯುಜಿನ್ ಮಾಡುವ ನಮಸ್ಕಾರಗಳು.

ಮಾನ್ಯರೇ, ಇಲ್ಲಿ ಸೆಕೆ, ಅಲ್ಲಿ ಚಳಿ. ಆದರೂ ತಮ್ಮ ದಯೆಯಿಂದ ಎರಡೂ ಕಡೆ ಗಂಡಸರು ಬೆವರುತ್ತಿದ್ದಾರೆಂದು ಕೇಳಿ ಸಂತೋಷವಾಯಿತು.

ತಾವು ಅಬುಧಾಬಿಯಲ್ಲಿ ನರ್ಸ್ ಆಗಿದ್ದು ನಮ್ಮ ಸಭೆಗಳಿಗೆ ಬಸ್ಸು ಹಿಡಿದು ಬರತೊಡಗುವ ಮೊದಲು ಸಂಘ ಎಷ್ಟು ಶಿಸ್ತಾಗಿತ್ತು! ಹೆಂಗಸರು ಇಡ್ಲಿಯಂಥ ಸನ್ನ ಬೇಯಿಸುತ್ತಿದ್ದರು, ನಾವು ವೇದಿಕೆಯ ಮೇಲೆ ಕೂತು ಅವರನ್ನು ಅಭಿನಂದಿಸುತ್ತಿದ್ದೆವು. ತಾವು ಎದ್ದು ನಿಂತು, ಯೇಸುಸ್ವಾಮಿ ಪುನರುತ್ಥಾನದ ಸುದ್ದಿಯನ್ನು ಮೊದಲು ಹೆಂಗಸರಿಗೇ ಹೇಳಿ ಕಳುಹಿಸಿದರು, ನಿಮ್ಮ ಸಮಿತಿಯಾಗಿದ್ದರೆ ಗಂಡನ ಸಹಿ ತನ್ನಿ ಎಂದು ಸಮಾಧಿಯಿಂದಲೇ ವಾಪಸ್ ಅಟ್ಟುತ್ತಿತ್ತು ಎಂದಿರಿ. ಪಾದ್ರಿಗಳು ನಕ್ಕುಬಿಟ್ಟರು, ಅಲ್ಲಿಗೆ ನಮ್ಮ ಕಥೆ ಮುಗಿಯಿತು. ಮುಂದಿನ ವರ್ಷ ಸಮಿತಿಯ ಅರ್ಧ ಕುರ್ಚಿಗಳಲ್ಲಿ ಹೆಂಗಸರು, ನನ್ನ ಪಾಲಿಗೆ ಸನ್ನದ ಹಿಟ್ಟು. ತಾವು ಐರ್ಲೆಂಡಿಗೆ ಹೊರಟಾಗ ನಾನೇ ಮುಂದೆ ನಿಂತು ಭರ್ಜರಿ ಬೀಳ್ಕೊಡುಗೆ ಮಾಡಿಸಿದ್ದು ಕೇವಲ ಪ್ರೀತಿಯಿಂದ ಎಂದು ನಂಬಿದ್ದರೆ ಅದು ತಮ್ಮ ದೊಡ್ಡಗುಣ. ಅಲ್ಲಿಯೂ ಸುಮ್ಮನಿರದೆ, ಹೆರಿಗೆ ವಾರ್ಡು ಮುಚ್ಚಬಾರದೆಂದು ಮಳೆಯಲ್ಲಿ ಮನೆಮನೆ ತಿರುಗಿ ಚುನಾವಣೆ ಗೆದ್ದಿರಂತೆ. ಗೆದ್ದವರು ಗೆದ್ದ ಊರನ್ನು ನೋಡಿಕೊಳ್ಳುವುದು ಬಿಟ್ಟು ನನ್ನ ಅಕ್ಕನ ಮನೆಗೆ ಫೋನು ಮಾಡುವುದೇಕೆ?

ವಿಷಯ ಇಷ್ಟೇ. ನನ್ನ ಅಕ್ಕ ಎಮಿಲಿಯಾ ವಿಧವೆ, ಇಲ್ಲೇ ದುಬೈಯಲ್ಲಿ ಅವಳ ಮಗಳು ಶಾರನ್‌ಗೆ ಮದುವೆ. ಮದುವೆಯ ಹಿಂದಿನ ದಿನ ಮದುಮಗನಿಗೂ ಮದುಮಗಳಿಗೂ ಅವರವರ ಮನೆಯವರು ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ ವಿಧವೆಯರು ಕೈ ಹಾಕಬಾರದೆಂಬ ನಮ್ಮ ಹಿರಿಯರ ಪದ್ಧತಿ ತಮಗೆ ಗೊತ್ತಿಲ್ಲದ್ದಲ್ಲ. ಆದ್ದರಿಂದ ತಾಯಿಯ ಬದಲು ನನ್ನ ಹೆಂಡತಿ ಲೂರ್ದ್ ಮೊದಲು ಹಚ್ಚುವುದೆಂದು ನಿಶ್ಚಯಿಸಿ, ಡಬ್ಬಿಯ ತೆಂಗಿನ ಹಾಲನ್ನೂ ಹಾಲ್‌ನವರ ನೆಲ ಹಾಳಾಗದಂತೆ ಪ್ಲಾಸ್ಟಿಕ್ ಹಾಸನ್ನೂ ತಂದಿಟ್ಟಿದ್ದೆ. ತಮ್ಮ ಫೋನು ಬಂದದ್ದೇ ತಡ, ಹುಡುಗಿ ನೆಟ್ಟಗೆ ಬಂದು, "ಅಂಕಲ್, ನೋ ಮಮ್ಮಿ, ನೋ ರೋಸ್" ಎಂದಳು. ಲೂರ್ದ್ ಕೂಡ ಅವಳದೇ ಪಕ್ಷ. ಅಕ್ಕ ಮಾತ್ರ ಎದ್ದು ಅಡುಗೆಮನೆಗೆ ಹೋದಳು, ಆದರೆ ಅವಳಿಗೆ ಎಷ್ಟು ಆಸೆಯಿದೆಯೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ, ಇದಕ್ಕೂ ತಾವೇ ಹೊಣೆ.

ಆದಕಾರಣ, ಶಾರನ್‌ಗೆ ಕೊಟ್ಟ ಧೈರ್ಯವನ್ನು ತಾವು ಕೊರಿಯರ್ ಮೂಲಕ ವಾಪಸ್ ತರಿಸಿಕೊಳ್ಳಬೇಕಾಗಿ ವಿನಂತಿ. ಅದು ಆಗದಿದ್ದರೆ, ಮದುವೆಗೆಂದು ಊರಿನಿಂದ ಬಂದಿರುವ, ತಾನೂ ವಿಧವೆಯಾದ, ಪದ್ಧತಿ ಮುರಿದರೆ ಏನನ್ನುತ್ತಾಳೋ ಎಂದು ನಾನು ಹೆದರಿ ಸಾಯುತ್ತಿರುವ ನನ್ನ ಅಮ್ಮನನ್ನು ತಾವೇ ಬಂದು ಒಪ್ಪಿಸಿ ಹೋಗಬೇಕು.

ಹಸಿದ ಹೊಟ್ಟೆಯ,
ತಮ್ಮ ವಿಶ್ವಾಸಿ,
ಯುಜಿನ್

ವಿ.ಸೂ.: ಪತ್ರ ಕಳುಹಿಸುವಷ್ಟರಲ್ಲಿ ರೋಸ್ ಮುಗಿದುಹೋಯಿತು. ಅಕ್ಕನೇ ಮೊದಲು ಹಚ್ಚಿದಳು. ತಾಯಿ ಮಗಳು ಇಬ್ಬರೂ ಅತ್ತರು. ನಾನೂ ಅತ್ತೆನೆಂಬುದು ಲೂರ್ದ್ ಹಬ್ಬಿಸಿದ ಸುಳ್ಳು ಸುದ್ದಿ. ತಮ್ಮ ಮುಂದಿನ ಚುನಾವಣೆಯಲ್ಲಿ ನನ್ನ ಓಟು ಖಂಡಿತ ಇಲ್ಲ. ಏಕೆಂದರೆ ಸಿಟ್ಟಾಗಬೇಕಿದ್ದ ಅಮ್ಮ ಎದ್ದು ಬಂದು, ಮೊಮ್ಮಗಳಿಗೆ ಹಚ್ಚಿ, ಬೋಗುಣಿಯಲ್ಲಿ ಉಳಿದದ್ದನ್ನೆಲ್ಲ ಹೊಸ ಕೋಟು ತೊಟ್ಟಿದ್ದ ನನ್ನ ಬೋಳುತಲೆಗೆ ಸುರಿದು ಹೇಳಿದ್ದು ಇಷ್ಟು: "ನಿನ್ನ ರೋಸಿನ ದಿನ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿದ್ರಲ್ಲ ಮಗಾ, ಈಗ ತಗೋ."