ಹೊಟ್ಟೆಯೊಳಗಿನ ಓಟಗಾರರು

ಅರ್ಧಂಬರ್ಧ ತಿಳಿದವನಿಂದ ಲೋಕಕ್ಕೆ ಕೇಡು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಇರಬಹುದು. ಆದರೆ ಚೆನ್ನಾಗಿ ತಿಳಿದುಕೊಂಡು, ಅದನ್ನು ಉಳಿದವರಿಗೂ ಅರ್ಥವಾಗುವ ಹಾಗೆ ಹೇಳುತ್ತೇನೆಂದು ಹೊರಡುವವನ ಬಗ್ಗೆ ಯಾರೂ ಎಚ್ಚರಿಸಿದ ಹಾಗಿಲ್ಲ. ಅರ್ಧ ತಿಳಿದವನು ತಾನೊಬ್ಬನೇ ಹಾಳಾಗುತ್ತಾನೆ. ತಿಳಿಸಿ ಹೇಳುವವನು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹಾಳಾಗುತ್ತಾನೆ. ನಾನು ಎರಡನೆಯ ಪಂಗಡದವನು. ಕಾರವಾರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಎದುರಿಗೆ ಬಂದದ್ದನ್ನೆಲ್ಲ ಅನುಮಾನಿಸಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಅಲ್ಲಿಂದ ಹೊರಬಿದ್ದ ಮೇಲೆ ಆ ಪಾಠವನ್ನು ನನ್ನ ನೆನಪಿನ ಮೇಲೂ ಪ್ರಯೋಗಿಸತೊಡಗಿದೆ. ಒಮ್ಮೆ ಅಂಕೋಲೆಗೆ ಹೊರಟವನು, ಮನೆಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂಬ ಅನುಮಾನ ಬಂದು ಅಮದಳ್ಳಿಯಿಂದ ತಿರುಗಿ ಬಂದೆ. ಬೀಗ ಹಾಕಿತ್ತು. ಸರಿಯಾಗಿ ಬಿದ್ದಿದೆಯೇ ಎಂದು ಬೀಗ ತೆಗೆದು ನೋಡಿ, ಸಮಾಧಾನವಾಗಿ, ತೆಗೆದೇ ಬಿಟ್ಟು ಮತ್ತೆ ಬಸ್ಸು ಹತ್ತಿದೆ. ಇಂಥ ಮನುಷ್ಯನ ಮಾತಿಗೆ ಮನೆಯಲ್ಲಿ ಎಷ್ಟು ಬೆಲೆಯಿರಬಹುದೆಂದು ನೀವೇ ಊಹಿಸಿ. ಆದರೆ ಒಂದೇ ಒಂದು ಸಲ ನನ್ನ ಮಾತನ್ನು ಅಕ್ಷರಶಃ ನಂಬಿದರು. ಆದ ಫಜೀತಿಯೆಲ್ಲ ಅದರಿಂದಲೇ.

ನನ್ನ ಮಗಳು ಕ್ಷಮಾ ಓಟಗಾರ್ತಿ. ಪದವಿಯ ಕೊನೆಯ ವರ್ಷ. ಹತ್ತು ಸಾವಿರ ಮೀಟರ್ ಓಡುತ್ತಾಳೆ. ಈ ಗುಣ ಅವಳಿಗೆ ಎಲ್ಲಿಂದ ಬಂತೋ ತಿಳಿಯದು. ನಾನು ಮನೆಯೊಳಗೇ ಅತ್ತಿಂದಿತ್ತ ಸುತ್ತುವವನು, ಅವಳ ತಾಯಿ ಕೂತಲ್ಲಿಂದ ಏಳದೆ ನಮ್ಮಿಬ್ಬರನ್ನೂ ಓಡಿಸುವವಳು. ಬೆಳಗಾಗುವ ಮೊದಲೇ ಮಗಳು ಸಮುದ್ರದಂಡೆಯಲ್ಲಿರುತ್ತಾಳೆ. ಕಾಲಿನಲ್ಲಿ ತಾಕತ್ತಿದೆ, ಎದೆಯಲ್ಲಿ ಉಸಿರಿದೆ. ತೊಂದರೆ ಇವೆರಡರ ನಡುವೆ. ತುಂಬ ಜೋರಾಗಿ ಓಡಿದರೆ ಕೊನೆಕೊನೆಗೆ ಹೊಟ್ಟೆ ಕೈಕೊಡುತ್ತದೆ. ಕಳೆದ ವರ್ಷ ಧಾರವಾಡದಲ್ಲಿ ವಿಶ್ವವಿದ್ಯಾಲಯದ ತಂಡದ ಆಯ್ಕೆಯಲ್ಲಿ ಎರಡನೆಯವಳಾಗಿ ಓಡುತ್ತಿದ್ದಳು. ಇನ್ನೇನು ಮುಗಿಯಿತು ಎನ್ನುವಾಗ ಎಲ್ಲರೂ ಎಡಕ್ಕೆ ತಿರುಗಿದರೆ ಇವಳೊಬ್ಬಳು ಮೈದಾನ ಬಿಟ್ಟು ನೆಟ್ಟಗೆ ಓಡಿದಳು. ಜೀವನದ ಅತಿ ವೇಗದ ಓಟ ಅದೇ ಅಂತೆ. ಅಳೆಯುವವರು ಮಾತ್ರ ಅಲ್ಲಿರಲಿಲ್ಲ. ಈ ವರ್ಷ ಮತ್ತೆ ಆಯ್ಕೆ ಬಂದಿತ್ತು. ಇದು ತಪ್ಪಿದರೆ ಇನ್ನೊಂದು ಅವಕಾಶ ಇರಲಿಲ್ಲ.

ತಂದೆಯಾಗಿ ನಾನೇನು ಮಾಡಬೇಕು? ಓದಬೇಕು. ಫೋನು ಹಿಡಿದು ಜಗಲಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಜಗಲಿಗೆ ತಿರುಗುತ್ತ ಓದಿದೆ. ನಮ್ಮ ಕರುಳಿನಲ್ಲಿ ಕೋಟಿಕೋಟಿ ಸೂಕ್ಷ್ಮಜೀವಿಗಳು ಬಿಡಾರ ಹೂಡಿವೆ ಎಂಬುದು ನಿಮಗೆ ಗೊತ್ತಿರಬಹುದು. ನಾವು ಉಣ್ಣುವುದರಲ್ಲಿ ಪಾಲು ತೆಗೆದುಕೊಂಡು, ನಮಗೆ ಜೀರ್ಣವಾಗದ ನಾರನ್ನು ಅರಗಿಸಿ, ಬಾಡಿಗೆಯ ಬದಲು ಏನೇನೋ ಉಪಕಾರ ಮಾಡುತ್ತ ಇರುವ ಒಕ್ಕಲುಗಳು ಅವು. ಓಟಗಾರರ ಹೊಟ್ಟೆಯಲ್ಲಿ, ಸೋಫಾದ ಮೇಲೆ ಕೂತವರ ಹೊಟ್ಟೆಗಿಂತ ಹೆಚ್ಚು ಜಾತಿಯ ಜೀವಿಗಳು ಇರುವುದು ಕಂಡುಬಂದಿದೆಯಂತೆ. ದಣಿದ ಸ್ನಾಯು ಹೊರಹಾಕುವ ಆಮ್ಲವನ್ನೇ ತಿಂದು ಬದುಕುವ ಒಂದು ಜಾತಿಯೂ ಉಂಟಂತೆ. ಆದರೆ ಮಿತಿಮೀರಿ ಓಡಿದರೆ ರಕ್ತವೆಲ್ಲ ಕಾಲಿಗೆ ಹೋಗಿ, ಕರುಳು ಬಡವಾಗಿ, ಅದರ ಗೋಡೆ ಕೊಂಚ ಸೋರತೊಡಗಿ, ಒಕ್ಕಲುಗಳೂ ತಬ್ಬಿಬ್ಬಾಗುತ್ತವೆ. ಓಟದಿಂದ ಜೀವಿಗಳು ಬದಲಾದವೋ, ಓಟಗಾರರ ಊಟದಿಂದ ಬದಲಾದವೋ ಎಂದು ನಾನು ಕೂಡಲೇ ಅನುಮಾನಿಸಿದೆ. ಅದನ್ನು ಬೇರೆ ಮಾಡಿ ಹೇಳುವುದು ವಿಜ್ಞಾನಿಗಳಿಗೂ ಕಷ್ಟವಾಗಿದೆಯೆಂದು ಓದಿ ಬಹಳ ಸಂತೋಷವಾಯಿತು. ಬೇರೆಯವರಿಗೂ ಗೊತ್ತಿಲ್ಲ ಎಂದು ತಿಳಿಯುವುದಕ್ಕಿಂತ ದೊಡ್ಡ ಸುಖ ಸಂಶಯವಾದಿಗೆ ಇನ್ನೊಂದಿಲ್ಲ.

ಮಗಳು ಇದನ್ನೆಲ್ಲ ಕೇಳಿ, "ಅಪ್ಪಾ, ನನ್ನ ಕೋಚ್ ಹೇಳ್ದಾಂಗೆ ಮಾಡ್ತೆ. ನೀವು ಓದೂದು ನಿಲ್ಸಿ" ಎಂದಳು. ಕೋಚ್ ಹೇಳಿದ್ದು ಬಹಳ ಸರಳ. ಓಡುವ ಮುಂಚೆ ಹೊಸ ಪದಾರ್ಥ ತಿನ್ನಬೇಡ, ಹೊಟ್ಟೆಗೂ ಕಾಲಿನ ಹಾಗೆಯೇ ನಿಧಾನವಾಗಿ ಅಭ್ಯಾಸ ಮಾಡಿಸು. ಅದರಂತೆ ಅವಳು ಬೆಳಿಗ್ಗೆ ತೆಳ್ಳಗಿನ ಗಂಜಿ ಕುಡಿದು ಓಡತೊಡಗಿದಳು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಯಾಕೆಂದರೆ ಒಂದು ಭಾನುವಾರ ನಾವು ಅಂಕೋಲೆಯ ಬಳಿಯ ನಮ್ಮ ಊರು ಭಾವಿಕೇರಿಗೆ ಊಟಕ್ಕೆ ಹೋದೆವು. ಅಲ್ಲಿ ನನ್ನ ಅಣ್ಣನ ಸಂಸಾರದ ಜೊತೆ ನಮ್ಮ ತಾಯಿ, ಅವ್ವಿ, ಇದ್ದಾಳೆ. ಶೆಟ್ಲಿ, ಅಂದರೆ ಸೀಗಡಿಯ, ಸಾರು ಬಡಿಸುತ್ತ, "ತಂಗಿ ಎಂತಕ್ಕೆ ಬರೀ ಗಂಜಿ ಕೇಳ್ತದೆ?" ಎಂದು ಅವ್ವಿ ಮೊಮ್ಮಗಳನ್ನು ತೋರಿಸಿ ವಿಚಾರಿಸಿದಳು. ಮಗಳು ಬಾಯಿ ತೆರೆಯುವ ಮುಂಚೆ ನಾನು ತೆರೆದೆ. ಸೂಕ್ಷ್ಮಜೀವಿ ಎಂದರೆ ಅವ್ವಿಗೆ ಅರ್ಥವಾಗದು ಎಂದುಕೊಂಡು ಸುಲಭ ಮಾಡಿ ಹೇಳಿದೆ.

"ಹೊಟ್ಟೆಯಲ್ಲಿ ಸಣ್ಣ ಸಣ್ಣ ಹುಳ ಇರ್ತವೆ ಅವ್ವಿ. ಕಣ್ಣಿಗೆ ಕಾಣೂದಿಲ್ಲ."

ಅವ್ವಿಯ ಕೈಯಲ್ಲಿದ್ದ ಸೌಟು ನಿಂತಿತು. "ಹುಳವಾ? ಎಷ್ಟವೆ?"

"ಕೋಟಿಗಟ್ಲೆ. ಓಡೋರ ಹೊಟ್ಟೇಲಿ ಮತ್ತೂ ಹೆಚ್ಚು ಜಾತಿ."

"ಊರಾಗಿದ್ದ ಜಾತಿ ಸಾಲ್ದು ಅಂತ ಹೊಟ್ಟೆ ಒಳಗೂ ಜಾತಿಯನಾ?" ಎಂದು ಅಣ್ಣ ನಕ್ಕ. ಅವ್ವಿ ನಗಲಿಲ್ಲ. ಮೊಮ್ಮಗಳ ಬೆನ್ನು ಸವರಿ, "ಅದ್ಕೇ ಮೈ ಹಿಡೀಲಿಲ್ಲ ಇದ್ಕೆ" ಎಂದಷ್ಟೇ ಹೇಳಿ ಒಳಗೆ ಹೋದಳು. ನನ್ನ ವಿವರಣೆ ಎಷ್ಟು ಚೆನ್ನಾಗಿ ನಾಟಿತು ಎಂದು ಹೆಮ್ಮೆಪಟ್ಟು ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಈ ಸಂಭಾಷಣೆಯನ್ನು ಇಷ್ಟು ಖಚಿತವಾಗಿ ಬರೆದಿದ್ದೇನಾದರೂ, ನಾನು "ಹುಳ" ಎಂದೆ ಎಂಬುದನ್ನು ಈಗಲೂ ಪೂರ್ತಿ ಒಪ್ಪಿಲ್ಲ. ಜೀವಾಣು ಎಂದ ಹಾಗೆ ನನಗೆ ನೆನಪು. ಹುಳ ಎಂದದ್ದೇ ನಿಜ ಎಂದು ಹೆಂಡತಿ ಹೇಳುತ್ತಾಳೆ. "ಹುಳಹುಪ್ಪಡಿ" ಎಂದೆನೆಂದು ಅಣ್ಣನ ವಾದ. ಮೂವರಲ್ಲಿ ಇಬ್ಬರು ಒಂದು ಕಡೆ ಇದ್ದರೆ ಸಂಖ್ಯಾಶಾಸ್ತ್ರದವನು ಸುಮ್ಮನಿರಬೇಕು. ಏನೇ ಇರಲಿ, ಆ ಶಬ್ದ ಭಾವಿಕೇರಿಯಿಂದ ಹೊರಟು ಶೆಟಗೇರಿ ಮುಟ್ಟಿ, ಅಲ್ಲಿಂದ ಅಮದಳ್ಳಿಯ ನನ್ನ ಸೋದರತ್ತೆಯ ಕಿವಿಗೆ ಬಿದ್ದು, ನಾವು ಕಾರವಾರ ತಲುಪುವಷ್ಟರಲ್ಲಿ ಫೋನಿನಲ್ಲಿ ನಮ್ಮನ್ನು ಕಾಯುತ್ತಿತ್ತು. ಅತ್ತೆ ಪಪ್ಪಾಯಿ ಬೀಜ ತಿನ್ನಿಸು ಎಂದಳು. ಶೆಟಗೇರಿಯ ನೆಂಟರಿಂದ ಹಾಗಲಕಾಯಿಯ ರಸದ ಸೂಚನೆ ಬಂತು. ನನ್ನ ಮಗಳ ಓಟವನ್ನು ಒಂದು ದಿನವೂ ವಿಚಾರಿಸದವರು ಅವಳ ಹೊಟ್ಟೆಯನ್ನು ಸರದಿಯ ಮೇಲೆ ವಿಚಾರಿಸತೊಡಗಿದರು.

ಆಯ್ಕೆಯ ವಾರ ಅವ್ವಿಯೇ ಬಂದಳು. ಕೈಚೀಲದಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ವಾಸನೆ ಬರುವ ಮೊದಲೇ ನನ್ನ ಹೊಟ್ಟೆಗೆ ಗುರುತು ಸಿಕ್ಕಿತು. ಹರಳೆಣ್ಣೆ! ನಾವು ಸಣ್ಣವರಿದ್ದಾಗ ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಹೊಟ್ಟೆ ತೊಳೆಯುವ ದಿನ ಎಂದೊಂದಿರುತ್ತಿತ್ತು. ಬಿಸಿ ಕಾಫಿಗೆ ಹರಳೆಣ್ಣೆ ಬೆರೆಸಿ, ಮೂಗು ಹಿಡಿದು ಕುಡಿಸುತ್ತಿದ್ದರು. ಒಮ್ಮೆ ಅಣ್ಣ ಹೆದರಿ ಗೇರುಮರ ಹತ್ತಿ ಕೂತದ್ದು ನನಗೆ ಚೆನ್ನಾಗಿ ನೆನಪಿದೆ. ಮರ ಹತ್ತಿದ್ದು ನಾನೆಂದು ಅಣ್ಣನಿಗೆ ಚೆನ್ನಾಗಿ ನೆನಪಿದೆ.

"ಇದ್ನ ಕುಡಿದ್ರೆ ತಂಗಿ ಧಾರವಾಡಕ್ಕೆ ಹೋಗ್ಲಿ. ಇಲ್ದಿದ್ರೆ ಇಲ್ಲ. ಹುಳ ಇಟ್ಕಂಡು ಓಡೂದು ಬೇಡ" ಎಂದಳು ಅವ್ವಿ. ಅವಳ ಮಾತನ್ನು ಮೀರಿ ನಮ್ಮ ಮನೆಯಲ್ಲಿ ಇದುವರೆಗೆ ಮದುವೆಗಳೂ ಆಗಿಲ್ಲ, ಮುಂಜಿಗಳೂ ನಿಂತಿಲ್ಲ. ಕುಡಿದರೆ ಹುಡುಗಿ ಧಾರವಾಡಕ್ಕೆ ಹೋಗಬಹುದು, ಓಡುವುದು ಸಾಧ್ಯವಿಲ್ಲ. ಕುಡಿಯದಿದ್ದರೆ ಓಡಬಲ್ಲಳು, ಹೋಗುವುದು ಸಾಧ್ಯವಿಲ್ಲ.

"ಹರಳೆಣ್ಣೆ ಕುಡಿದು ಓಡೂದು ಹೇಗೆ ಅವ್ವಿ?" ಎಂದೆ.

"ಕುಡಿದ್ರೇ ಓಡೂದು ಮಗಾ. ಸಣ್ಣಿದ್ದಾಗ ನೀವು ಹೆಂಗೆ ಓಡ್ತಿದ್ರಿ, ಮರ್ತ್ಹೋಯ್ತನಾ?"

ನಾನು ಇನ್ನೊಮ್ಮೆ ತಿಳಿಸಿ ಹೇಳಲು ಹೊರಟೆ. ಮಗಳ ಭವಿಷ್ಯ ನನ್ನ ನಾಲಗೆಯ ತುದಿಯಲ್ಲಿತ್ತು. ಈ ಸಲ ಶಬ್ದವನ್ನು ಬಹಳ ಯೋಚಿಸಿ ಆರಿಸಿದೆ. "ಅದು ಹುಳ ಅಲ್ಲ ಅವ್ವಿ. ಹೆಪ್ಪು ಇದ್ದ ಹಾಗೆ. ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದ್ರೆ ಮೊಸರು ಆಗ್ತದಲ್ಲ, ಅಂಥದೇ ಒಳ್ಳೆ ಜೀವಿಗಳು ಹೊಟ್ಟೇಲಿ ಇರ್ತವೆ." ಹೆಪ್ಪು ಎಂದರೆ ಅವ್ವಿಗೆ ದೇವರ ಸಮಾನ. ದೀಪ ಹಚ್ಚಿದ ಮೇಲೆ ಪಕ್ಕದ ಮನೆಗೂ ಹೆಪ್ಪು ಕೊಡುವವಳಲ್ಲ. ಅವಳ ಮುಖ ಸಡಿಲಾಯಿತು. ನನ್ನ ವಿದ್ಯೆ ಸಾರ್ಥಕವಾಯಿತು ಎನ್ನುವಷ್ಟರಲ್ಲಿ ಕೇಳಿದಳು:

"ಹೆಪ್ಪು ಹಾಕ್ದ ಪಾತ್ರೆ ಎಲ್ಲಿಡ್ತಾರೆ?"

"ಮೂಲೆಯಲ್ಲಿ."

"ಅಲ್ಲಾಡಿಸ್ತಾರನಾ?"

"ಇಲ್ಲ."

"ಮತ್ತೆ ಈ ಹುಡುಗೀನ ದಿನಾ ಬೆಳಿಗ್ಗೆ ದಂಡೆ ಮೇಲೆ ಕುಲುಕಿಸ್ತೀಯಲಾ, ಮೊಸರು ಹೆಂಗೆ ಹೆಪ್ಪಾಗಬೇಕು? ಕಾಲೇಜಲ್ಲಿ ಇದನ್ನೇ ಕಲಿಸ್ತ್ಯನಾ?"

ನನ್ನ ಹೋಲಿಕೆ ನನ್ನನ್ನೇ ಕಟ್ಟಿಹಾಕಿತು. ಹುಳವಾದರೆ ಹರಳೆಣ್ಣೆಯಿಂದ ಬಿಡುಗಡೆಯಾದರೂ ಇತ್ತು. ಹೆಪ್ಪಾದ ಮೇಲೆ ಹುಡುಗಿ ಮೂಲೆಯಲ್ಲಿ ಕೂರುವುದೊಂದೇ ದಾರಿ. ಬಾಗಿಲ ಬಳಿ ನಿಂತು ಕೇಳುತ್ತಿದ್ದ ನನ್ನ ಹೆಂಡತಿ ಕಾರವಾರದವಳು. ಸಹನೆ ತಪ್ಪಿದಾಗ ಅವಳಿಗೆ ಕೊಂಕಣಿ ಬರುತ್ತದೆ. "ಪುರೊ ಆತಾಂ," ಸಾಕು ಈಗ, ಎಂದು ನನ್ನ ಕಡೆ ನೋಡಿದಳು.

ಅಷ್ಟರಲ್ಲಿ ಕ್ಷಮಾ ಓಟ ಮುಗಿಸಿ ಬಂದಳು. ಬಾಟಲಿ ನೋಡಿದಳು, ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ಎಲ್ಲ ಅರ್ಥವಾಯಿತು.

"ಅಜ್ಜೀ, ಹುಳ ಇದ್ದದ್ದು ಯಾರ ಹೊಟ್ಟೇಲಿ?"

"ನಿನ್ನ ಹೊಟ್ಟೇಲಿ. ನಿನ್ನ ಅಪ್ಪನೇ ಹೇಳಿದ್ದ."

"ಅಪ್ಪನ ಮಾತು ಕೇಳಿ ಬಂದ್ರಾ? ಅಪ್ಪನಿಗೆ ಬೀಗ ಹಾಕಿದ್ದೂ ನೆನಪಿರೂದಿಲ್ಲ. ಡಾಕ್ಟ್ರು ಹೇಳಿದ್ದು ಅಪ್ಪನ ಹೊಟ್ಟೆ ಬಗ್ಗೆ. ಅಪ್ಪ ಮರ್ತು ನನ್ನ ಹೆಸರು ಹೇಳ್ಬಿಟ್ರು."

ನಾನು ಪ್ರತಿಭಟಿಸಲು ಎದ್ದು ನಿಂತೆ. ಹೆಂಡತಿ ಒಂದು ಕ್ಷಣವೂ ತಡಮಾಡಲಿಲ್ಲ. "ಹೌದು ಅತ್ತೆ. ನಿದ್ದೇಲಿ ಹಲ್ಲು ಕಡೀತಾರೆ" ಎಂದಳು. ನಮ್ಮ ಕಡೆ ಹುಳಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನಾನು ಹಲ್ಲು ಕಡಿಯುತ್ತೇನೋ ಇಲ್ಲವೋ ನಾನು ಹೇಗೆ ಹೇಳಲಿ? ಅಂಥ ಹೊತ್ತಿನಲ್ಲಿ ನಾನು ನಿದ್ದೆಯಲ್ಲಿರುತ್ತೇನೆ. ಅವ್ವಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅದ್ಕೇ ಇಂವ ಒಂದ್ ಕಡೆ ಕೂತ್ಕಳೂದಿಲ್ಲ. ನಾನು ಬುದ್ಧಿ ಹೆಚ್ಚಾಯ್ತು ಅಂದ್ಕಂಡಿದ್ದೆ."

ಮೂವರು ಹೆಂಗಸರು ಒಂದೇ ಮಾತು ಹೇಳಿದರೆ ಎಂಥ ಸಂಶಯವಾದಿಗೂ ಸಂಶಯ ತನ್ನ ಮೇಲೆ ತಿರುಗುತ್ತದೆ. ಒಂದು ಗಳಿಗೆ ಆ ಡಾಕ್ಟರರ ಮುಖವೂ ಕಣ್ಣ ಮುಂದೆ ಬಂತು. ಕನ್ನಡಕ, ಬೋಳುತಲೆ, ಗಂಭೀರ ದನಿ. ನಾನು ಯಾವ ಡಾಕ್ಟರರ ಬಳಿಗೂ ಹೋಗಿರಲಿಲ್ಲ. ಅಲ್ಲ ಎನ್ನಲು ಬಾಯಿ ತೆರೆದವನು ಮಗಳ ಕಡೆ ನೋಡಿದೆ. ಅಜ್ಜಿಯ ಬೆನ್ನ ಹಿಂದೆ ನಿಂತು ಎರಡೂ ಕೈ ಜೋಡಿಸಿದ್ದಳು. ಬಾಯಿ ಹೇಗೂ ತೆರೆದಿತ್ತು. ಹರಳೆಣ್ಣೆಗೆ ಅಷ್ಟು ಸಾಕು.

ಮಗಳ ಜೊತೆ ಧಾರವಾಡಕ್ಕೆ ನಾನು ಹೋಗುವುದೆಂದಿತ್ತು. ಹೆಂಡತಿ ಹೋದಳು. ಆಯ್ಕೆಯ ದಿನ ಬೆಳಿಗ್ಗೆಯೇ ಮುಹೂರ್ತವಿಟ್ಟು ಅವ್ವಿ ನನಗೆ ಹರಳೆಣ್ಣೆಯ ಕಾಫಿ ಕುಡಿಸಿದಳು, ಲೋಟ ಬರಿದಾಗುವವರೆಗೆ ಕದಲಲಿಲ್ಲ. ಅಲ್ಲಿ ಮಗಳು ಮೈದಾನ ಸುತ್ತುತ್ತಿದ್ದಳು. ಇಲ್ಲಿ ನಾನು ಜಗಲಿಗೂ ಹಿತ್ತಿಲಿಗೂ ನಡುವೆ ನನ್ನ ಸುತ್ತುಗಳನ್ನು ಪೂರೈಸುತ್ತಿದ್ದೆ. ಹೆಂಡತಿಯ ಫೋನು ಬಂದಾಗ ಎಲ್ಲಿದ್ದೆ ಎಂದು ಹೇಳಬೇಕಾಗಿಲ್ಲ. ಮಗಳ ಹೊಟ್ಟೆ ಒಂದಿಷ್ಟೂ ಮಿಸುಕಲಿಲ್ಲವಂತೆ, ಕೊನೆಯ ಸುತ್ತಿನಲ್ಲಿ ಇಬ್ಬರನ್ನು ಹಿಂದೆ ಹಾಕಿ ಮೂರನೆಯವಳಾಗಿ ಬಂದು ತಂಡಕ್ಕೆ ಆಯ್ಕೆಯಾದಳಂತೆ. ಸಂತೋಷಕ್ಕೆ ಒಳಗಿನಿಂದಲೇ ಕೂಗಿದೆ.

"ಆಯ್ತು ಅವ್ವೀ, ಆಯ್ತು!"

ಬಾಗಿಲಾಚೆ ಅವ್ವಿ ಕಾಯುತ್ತಲೇ ಇದ್ದಳು. "ಎಷ್ಟಾಯ್ತು?"

"ಮೂರು!"

"ಬರೀ ಮೂರನಾ? ಕೋಟಿ ಅಂದಿದ್ಯಲೋ!"

ಈಗ ಭಾವಿಕೇರಿಯಲ್ಲಿ ಈ ವಿಷಯ ತೀರ್ಮಾನವಾಗಿ ಹೋಗಿದೆ. ಅಪ್ಪನ ಹುಳ ಬಿದ್ದಿತು, ಮಗಳ ಕಾಲು ಹಗುರಾಯಿತು. ಗಂಜಿಯಿಂದ ಆಗಿರಬಹುದು, ಧಾರವಾಡದ ತಂಪು ಹವೆಯಿಂದ ಆಗಿರಬಹುದು, ವರ್ಷವಿಡೀ ಓಡಿ ಓಡಿ ಕರುಳೂ ಅದರ ಒಕ್ಕಲುಗಳೂ ಪಳಗಿರಬಹುದು, ಅಥವಾ ಮಗಳ ಮನಸ್ಸಿನ ಹೆದರಿಕೆ ಕಳೆದಿರಬಹುದು. ಎರಡು ಸಂಗತಿಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂದು ನಾನು ಫೋನಿನಲ್ಲಿ ಬಹಳ ಹೊತ್ತು ತಿಳಿಸಿ ಹೇಳಿದೆ. ಅವ್ವಿ ತಾಳ್ಮೆಯಿಂದ ಕೇಳಿದಳು. ಮರುದಿನವೇ ಅಂಕೋಲೆಯ ಬಸ್ಸಿನಲ್ಲಿ, ಕಂಡಕ್ಟರ್ ಕೈಯಲ್ಲಿ ಇನ್ನೊಂದು ಬಾಟಲಿ ಬಂತು. ಅಂತರ ವಿಶ್ವವಿದ್ಯಾಲಯ ಕೂಟ ಮುಂದಿನ ವಾರ.

ಮಗಳು ಬಾಯಿಬಿಟ್ಟು ಏನೂ ಕೇಳಿಲ್ಲ. ಬಾಟಲಿಯನ್ನು ಮೇಜಿನಿಂದ ತೆಗೆದೂ ಇಟ್ಟಿಲ್ಲ. ಒಂದೇ ಸಲ ಬಂದ ಫಲಿತಾಂಶವನ್ನು ನಂಬಬಾರದು, ಪ್ರಯೋಗವನ್ನು ಮತ್ತೆ ಮಾಡಿ ನೋಡದೆ ತಳ್ಳಿಹಾಕಲೂಬಾರದು ಎಂದು ವರ್ಷಗಟ್ಟಲೆ ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಕೇವಲ ಆ ಶಾಸ್ತ್ರನಿಷ್ಠೆಯಿಂದ, ಬೇರೆ ಯಾವ ನಂಬಿಕೆಯಿಂದಲೂ ಅಲ್ಲ, ಈ ಸಲ ಕಾಫಿಗೆ ಸಕ್ಕರೆ ತುಸು ಹೆಚ್ಚು ಹಾಕು ಎಂದು ಹೆಂಡತಿಗೆ ಹೇಳಿಟ್ಟಿದ್ದೇನೆ.